ಗುಡ್ಡದ ಗಿಡಗಂಟಿ, ಹೊಲದ ಹುಳು

ಗದಗ ಜಿಲ್ಲೆಯ ಉತ್ತರ ಭಾಗದಲ್ಲಿರುವ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳು ಹಿಂಗಾರಿ ಬೆಳೆಗೆ ಹೆಸರಾದ ಸೀಮೆ. ನರಗುಂದ ಹಾಗೂ ರೋಣದ ಬಹುಭಾಗ ಆಳವಾದ ಎರೆ ಭೂಮಿ. ಗಜೇಂದ್ರಗಡದ ಕಡೆಗೆ ಹೋದಂತೆ ಮಸಾರಿ ಭೂಮಿ, ಮಡ್ಡಿ ಮತ್ತು ಕಲ್ಲುಗುಡ್ಡಗಳ ಸಾಲು ಎದುರಾಗುತ್ತದೆ. ರಾಜ್ಯದ ಕೃಷಿ ಹವಾಮಾನ ವಲಯಗಳ ಪೈಕಿ ಇದು ಉತ್ತರ ಒಣ ವಲಯಕ್ಕೆ ಸೇರಿದ್ದು, ವರ್ಷದ ಮಳೆ ಸರಾಸರಿ 600 ಮಿ.ಮೀ. ಆಸುಪಾಸಿನಲ್ಲಿದೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ, ಕುಸುಬೆ, ಗೋಧಿ, ಮಲಪ್ರಭಾ ಕಾಲುವೆಯ ನೀರು ತಲುಪಿದಲ್ಲಿ ಹತ್ತಿ ಮತ್ತು ಗೋವಿನಜೋಳ ಇಲ್ಲಿಯ ಮುಖ್ಯ ಬೆಳೆಗಳು.

ಕಾಡು ಎಂದೊಡನೆ ಈ ಭಾಗದ ರೈತರಿಗೆ ನೆನಪಾಗುವುದು ದಾಂಡೇಲಿ, ಯಲ್ಲಾಪುರಗಳ ಎತ್ತರದ ಮರಗಳು. ಗಜೇಂದ್ರಗಡದ ಗುಡ್ಡದ ಮೇಲಿನ ಮುಳ್ಳುಕಂಟಿಯನ್ನಾಗಲಿ, ಬೆಣ್ಣೆಹಳ್ಳದ ದಂಡೆಯ ಜಾಲಿ ಗಿಡಗಳನ್ನಾಗಲಿ ಯಾರೂ ಕಾಡೆಂದು ಕರೆಯುವುದಿಲ್ಲ. ಆದರೆ ಸಸ್ಯಶಾಸ್ತ್ರದ ದೃಷ್ಟಿಯಿಂದ ಅದೂ ಒಂದು ಬಗೆಯ ಕಾಡೇ. ಅದಕ್ಕೆ ಕುರುಚಲು ಕಾಡು ಎಂದು ಹೆಸರು. ಅಲ್ಲಿ ಗಿಡಕ್ಕೂ ಹುಳುವಿಗೂ ಬಹುಕಾಲದಿಂದ ಬೆಳೆದುಬಂದ ಕೊಡು-ಕೊಳ್ಳುವ ವ್ಯವಹಾರವಿದೆ. ಈ ವ್ಯವಹಾರದ ಲಾಭ-ನಷ್ಟಗಳು ಪಕ್ಕದ ಕಡಲೆ ಹೊಲಕ್ಕೂ ಬಂದು ಮುಟ್ಟುತ್ತವೆ. ಗುಡ್ಡದಲ್ಲಿಯೂ ಬದುವಿನಲ್ಲಿಯೂ ಇರುವ ಹುಳುಗಳಲ್ಲಿ ಬಹುಪಾಲು ಬೆಳೆಯನ್ನು ಮುಟ್ಟುವುದಿಲ್ಲ. ಬೆಳೆ ಕಾಯುವ ಹುಳುಗಳಲ್ಲಿ ಅನೇಕವು ಬೆಳೆ ಇಲ್ಲದ ತಿಂಗಳುಗಳನ್ನು ಕಳೆಯುವುದೂ ಅಲ್ಲಿಯೇ. ಕೆಲವು ಶತ್ರುಗಳು ಸಹ ಅಲ್ಲಿ ಅಡಗಿರುತ್ತವೆ. ಯಾವ ಗಿಡದಲ್ಲಿ ಯಾವ ಹುಳು, ಅದರ ಕೆಲಸವೇನು ಎಂಬುದನ್ನು ಅರಿತ ರೈತನಿಗೆ ಬದುವಿನ ಮೇಲೆ ಏನನ್ನು ಉಳಿಸಬೇಕು, ಏನನ್ನು ಕೀಳಬೇಕು ಎಂಬುದು ಸುಲಭವಾಗಿ ತಿಳಿಯುತ್ತದೆ.

ಕುರುಚಲು ಕಾಡಿನ ಸ್ವರೂಪ

ಇಂಥ ಗುಡ್ಡಗಳಲ್ಲಿ ಮಣ್ಣಿನ ಪದರು ತೆಳು. ಮಳೆ ಬಿದ್ದ ನಾಲ್ಕು ತಿಂಗಳು ಹಸಿರು, ಉಳಿದ ಎಂಟು ತಿಂಗಳು ಒಣ. ಇದಕ್ಕೆ ಹೊಂದಿಕೊಂಡ ಗಿಡಗಳೇ ಅಲ್ಲಿ ಉಳಿದಿವೆ. ತಂಗಡಿ, ಬಂದರಿಕೆ, ಕವಳಿ, ಬಾರಿ, ಎಕ್ಕೆ, ಕಳ್ಳಿ, ಸೀತಾಫಲ ಮತ್ತು ಹಲವು ಜಾತಿಯ ಹುಲ್ಲುಗಳು ಒಣ ಗುಡ್ಡಗಳ ಸಾಮಾನ್ಯ ಸಸ್ಯಗಳು. ಕೆಳಗಿನ ಎರೆ ಸೀಮೆಯಲ್ಲಿ ಬೇವು, ಕರಿಜಾಲಿ, ಬನ್ನಿ, ಹುಣಸೆ, ಅಲ್ಲಲ್ಲಿ ಆಲ ಮತ್ತು ಬಸರಿ ಮರಗಳಿವೆ. ಬೇಸಿಗೆಯಲ್ಲಿ ಬಿರುಕು ಬಿಡುವ ಎರೆ ಭೂಮಿಯಲ್ಲಿ ಎಲ್ಲ ಮರಗಳೂ ಬದುಕಲಾರವು. ಆಳಕ್ಕೆ ಬೇರು ಇಳಿಸುವ ಜಾಲಿ, ಬೇವುಗಳು ಮಾತ್ರ ಚೆನ್ನಾಗಿ ಬರುತ್ತವೆ. ಹೀಗಾಗಿ ಈ ಬಯಲಿನಲ್ಲಿ ಒಂದೊಂದು ಮರಕ್ಕೂ ಹೆಚ್ಚಿನ ಬೆಲೆಯಿದೆ.

ಇಂಥ ಕಾಡಿನಲ್ಲಿರುವ ಹುಳುಗಳನ್ನು ಕೆಲಸದ ಪ್ರಕಾರ ನಾಲ್ಕು ಗುಂಪುಗಳಾಗಿ ವಿಂಗಡಿಸಬಹುದು. ಗಿಡವನ್ನು ತಿನ್ನುವವು ಮೊದಲನೆಯ ಗುಂಪು. ಹೂವಿನ ಪರಾಗವನ್ನು ಸಾಗಿಸುವವು ಎರಡನೆಯದು. ಇತರ ಹುಳುಗಳನ್ನು ತಿಂದು ಬದುಕುವವು ಮೂರನೆಯದು. ಒಣಗಿದ ಎಲೆ, ಕಟ್ಟಿಗೆ, ಸಗಣಿಯನ್ನು ಮಣ್ಣಿಗೆ ಸೇರಿಸುವ ಗೆದ್ದಲು, ಸಗಣಿ ಹುಳು ಮುಂತಾದವು ನಾಲ್ಕನೆಯದು. ಹೊಲದಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಮೊದಲನೆಯ ಗುಂಪು. ಬೇರೆ ಮೂರು ಗುಂಪುಗಳು ಸದ್ದಿಲ್ಲದೆ ಕೆಲಸ ಮಾಡುವುದರಿಂದ ಲೆಕ್ಕಕ್ಕೆ ಬರುವುದಿಲ್ಲ.

ಗಿಡದ ರಕ್ಷಣೆ, ಹುಳುವಿನ ಉಪಾಯ

ಗಿಡ ನಿಂತಲ್ಲಿಂದ ಓಡಿಹೋಗಲಾರದು. ಆದ್ದರಿಂದ ಅದು ಮುಳ್ಳು, ಹಾಲು, ಅಂಟು, ಕಹಿ, ವಿಷಗಳಿಂದ ತನ್ನನ್ನು ಕಾಪಾಡಿಕೊಳ್ಳುತ್ತದೆ. ಬಂದರಿಕೆಯ ಎಲೆ ಅಂಟಂಟಾಗಿರುತ್ತದೆ. ಎಕ್ಕೆಯ ಎಲೆ ಮುರಿದರೆ ವಿಷದ ಹಾಲು ಸುರಿಯುತ್ತದೆ. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ವಸ್ತು ಅನೇಕ ಹುಳುಗಳಿಗೆ ಮೇವು ಬೇಡವಾಗುವಂತೆ ಮಾಡುತ್ತದೆ ಮತ್ತು ಅವುಗಳ ಪೊರೆ ಕಳಚುವಿಕೆಯನ್ನು ತಡೆಯುತ್ತದೆ. 1959ರಲ್ಲಿ ಆಫ್ರಿಕದ ಸುಡಾನ್ ದೇಶದ ಮೇಲೆ ಮಿಡತೆಗಳ ದಂಡು ಎರಗಿದಾಗ ಸುತ್ತಲಿನ ಹಸಿರೆಲ್ಲ ಬರಿದಾದರೂ ಬೇವಿನ ಮರಗಳು ಹಾಗೆಯೇ ಉಳಿದಿದ್ದುದನ್ನು ಜರ್ಮನಿಯ ಕೀಟಶಾಸ್ತ್ರಜ್ಞ ಹೈನ್‌ರಿಶ್ ಶ್ಮುಟರರ್ ಗಮನಿಸಿದರು. ಬೇವಿನ ಬಗ್ಗೆ ಆಧುನಿಕ ಸಂಶೋಧನೆಗೆ ಇದು ನಾಂದಿಯಾಯಿತು. ಕಾಳಿನ ಕಣಜದಲ್ಲಿ ಬೇವಿನ ಎಲೆ ಹಾಕುವ ನಮ್ಮ ಹಿರಿಯರ ರೂಢಿ ಅದಕ್ಕಿಂತ ಬಹಳ ಹಳೆಯದು.

ಆದರೆ ಯಾವ ವಿಷವೂ ಎಲ್ಲ ಹುಳುಗಳನ್ನು ತಡೆಯಲಾರದು. ಎಕ್ಕೆಯ ಹಾಲು ಬಹಳಷ್ಟು ಪ್ರಾಣಿಗಳಿಗೆ ವಿಷ. ಆದರೆ ಹಳದಿ-ನೀಲಿ ಪಟ್ಟೆಯ ಎಕ್ಕೆ ಮಿಡತೆಯೂ, ಕಿತ್ತಳೆ ಬಣ್ಣದ ರೆಕ್ಕೆಗೆ ಕಪ್ಪು ಅಂಚಿರುವ ಚಿಟ್ಟೆಯ ಮರಿಹುಳುವೂ ಅದನ್ನೇ ತಿಂದು ಬೆಳೆಯುತ್ತವೆ. ತಿಂದ ವಿಷವನ್ನು ತಮ್ಮ ಮೈಯಲ್ಲಿ ಕೂಡಿಟ್ಟುಕೊಳ್ಳುವುದರಿಂದ ಹಕ್ಕಿಗಳು ಅವುಗಳ ತಂಟೆಗೆ ಬರುವುದಿಲ್ಲ. ಮೈಮೇಲಿನ ಢಾಳಾದ ಬಣ್ಣ ಹಕ್ಕಿಗಳಿಗೆ ಎಚ್ಚರಿಕೆಯ ಗುರುತು. ಹೀಗೆ ಒಂದು ಗಿಡದ ವಿಷಕ್ಕೆ ಒಗ್ಗಿಕೊಂಡ ಹುಳು ಸಾಮಾನ್ಯವಾಗಿ ಆ ಗಿಡಕ್ಕೆ ಮತ್ತು ಅದರ ಹತ್ತಿರದ ಬಳಗಕ್ಕೆ ಕಟ್ಟುಬೀಳುತ್ತದೆ. ಎಕ್ಕೆಯ ಈ ಚಿಟ್ಟೆಯ ಮರಿಹುಳು ಕಡಲೆಯನ್ನಾಗಲಿ ಜೋಳವನ್ನಾಗಲಿ ತಿನ್ನುವುದಿಲ್ಲ. ಗುಡ್ಡದ ಹುಳುಗಳಲ್ಲಿ ಬಹಳಷ್ಟು ಇಂಥವೇ. ಗಿಡದ ಮೇಲೆ ಹುಳು ಕಂಡಿತೆಂದು ಬದುವಿಗೆಲ್ಲ ಔಷಧ ಹೊಡೆಯುವುದು ಅನಗತ್ಯ ಖರ್ಚು.

ಹೆಸರು ಕೆಟ್ಟ ಕಾಯಿಕೊರಕ ಹುಳು ಇದಕ್ಕೆ ಅಪವಾದ. ಕಡಲೆ, ತೊಗರಿ, ಹತ್ತಿ, ಸೂರ್ಯಕಾಂತಿ, ಗೋವಿನಜೋಳ, ಟೊಮೆಟೊ ಹೀಗೆ ಅದು ನಮ್ಮ ದೇಶದಲ್ಲಿ 180ರಷ್ಟು ಜಾತಿಯ ಸಸ್ಯಗಳನ್ನು ತಿನ್ನಬಲ್ಲದು. ಒಂದು ಬೆಳೆ ಮುಗಿದರೆ ಮತ್ತೊಂದಕ್ಕೆ ಹಾರುತ್ತದೆ. ಇಂಥ ಹುಳುವನ್ನು ಗಿಡದ ವಿಷವೊಂದೇ ತಡೆಯಲಾರದು. ಅದನ್ನು ಹತೋಟಿಯಲ್ಲಿಡಲು ಬೇರೆ ಹುಳುಗಳ ನೆರವು ಬೇಕು.

ದುಡಿಯುವ ಹುಳುವಿಗೆ ಗಿಡ ಕೊಡುವ ಕೂಲಿ

ಗಿಡ ಹುಳುಗಳನ್ನು ದೂರ ಇಡುವಂತೆ, ಬೇಕಾದ ಹುಳುಗಳನ್ನು ಕರೆಯುವುದೂ ಉಂಟು. ಹೂವಿನ ಮಕರಂದ ಎಲ್ಲರಿಗೂ ಗೊತ್ತಿರುವ ಕೂಲಿ. ಜಾಲಿಯ ಎಲೆದೇಟಿನ ಮೇಲೆ, ಔಡಲದ ಎಲೆದೇಟಿನ ಮೇಲೆ, ಹತ್ತಿ ಎಲೆಯ ಕೆಳಬದಿಯ ನರದ ಮೇಲೆ ಸಣ್ಣ ಗ್ರಂಥಿಗಳಿದ್ದು ಅವುಗಳಿಂದಲೂ ಸಿಹಿ ರಸ ಒಸರುತ್ತದೆ. ಹೂವಿಲ್ಲದ ಕಾಲದಲ್ಲಿಯೂ ಇರುವೆ, ಕಣಜಗಳು ಈ ರಸಕ್ಕಾಗಿ ಬರುತ್ತವೆ. ಬಂದ ಇರುವೆಗಳು ಗಿಡದ ಮೇಲಿನ ತತ್ತಿಗಳನ್ನೂ ಎಳೆಯ ಮರಿಹುಳುಗಳನ್ನೂ ಹೊತ್ತುಹೋಗುತ್ತವೆ.

ಕೂಲಿ ಕೊಟ್ಟು ಕಾವಲು ಪಡೆಯುವ ಈ ಉಪಾಯವನ್ನು ಹುಳುಗಳೂ ಬಳಸುತ್ತವೆ. ಬಾರಿ ಗಿಡದ ಎಲೆ ತಿನ್ನುವ ಒಂದು ಜಾತಿಯ ಸಣ್ಣ ನೀಲಿ ಚಿಟ್ಟೆಯ ಮರಿಹುಳು ತನ್ನ ಬೆನ್ನಿನಿಂದ ಸಿಹಿ ಹನಿ ಒಸರಿಸುತ್ತದೆ. ಅದನ್ನು ನೆಕ್ಕಲು ಬರುವ ಇರುವೆಗಳು ಆ ಮರಿಹುಳುವನ್ನೇ ಶತ್ರುಗಳಿಂದ ಕಾಯುತ್ತವೆ. ಆದ್ದರಿಂದ ಇರುವೆ ಯಾವಾಗಲೂ ಗಿಡದ ಪಕ್ಷ ಎಂದು ಹೇಳಲಾಗದು. ಹೇನು ಮತ್ತು ಹಿಟ್ಟು ತಿಗಣೆ ಬಿದ್ದ ಗಿಡದಲ್ಲಿ ಇರುವೆಗಳ ಸಾಲು ಕಂಡರೆ ಅವು ಸಿಹಿಗಾಗಿ ಶತ್ರುವನ್ನು ಸಾಕುತ್ತಿವೆ ಎಂದು ತಿಳಿಯಬೇಕು.

ಗುಡ್ಡದ ತಂಗಡಿಗೂ ಮನೆಯ ಅಡುಗೆಗೂ ಇರುವ ಸಂಬಂಧ ಕುತೂಹಲಕಾರಿಯಾದುದು. ತಂಗಡಿಯ ಹಳದಿ ಹೂವಿನಲ್ಲಿ ಮಕರಂದವಿಲ್ಲ, ಪರಾಗ ಮಾತ್ರ ಇರುತ್ತದೆ. ಅದೂ ಕೇಸರದ ತುದಿಯ ಸಣ್ಣ ರಂಧ್ರದಿಂದ ಹೊರಬರಬೇಕು. ಕಟ್ಟಿಗೆ ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿಯೂ ಕೆಲವು ಒಂಟಿ ಜೇನುಗಳೂ ಹೂವನ್ನು ಅಪ್ಪಿ ಹಿಡಿದು ಮೈಯನ್ನು ಗುಂಯ್ ಎಂದು ನಡುಗಿಸಿ ಪರಾಗವನ್ನು ಉದುರಿಸಿಕೊಳ್ಳುತ್ತವೆ. ಬದನೆ, ಟೊಮೆಟೊ ಹೂಗಳ ರಚನೆಯೂ ಇದೇ ಬಗೆಯದು. ಹೆಜ್ಜೇನು, ತುಡುವೆ ಜೇನು, ಕೋಲುಜೇನುಗಳಿಗೆ ಹೀಗೆ ನಡುಗಿಸುವ ವಿದ್ಯೆ ಬಾರದು. ಬದನೆಯ ಹೂವಿಗೆ ಈ ದುಂಬಿಗಳೇ ಬೇಕು. ಬದನೆ ಹೊಲದಲ್ಲಿ ಹೂವಿರುವುದು ಕೆಲವು ತಿಂಗಳು ಮಾತ್ರ. ಉಳಿದ ಕಾಲಕ್ಕೆ ತಂಗಡಿ, ಎಕ್ಕೆಯಂಥ ಗಿಡಗಳ ಹೂವೂ, ಗೂಡು ಕೊರೆಯಲು ಒಣಕಟ್ಟಿಗೆಯೂ ಇದ್ದರೆ ದುಂಬಿ ಆ ಊರಲ್ಲಿ ಉಳಿಯುತ್ತದೆ. ಇಲ್ಲವಾದರೆ ಬದನೆಯಲ್ಲಿ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ಆಗ ರೈತ ಗೊಬ್ಬರವನ್ನೋ ನೀರನ್ನೋ ದೂರುತ್ತಾನೆ.

ಸೂರ್ಯಕಾಂತಿ, ಗುರೆಳ್ಳು ಮತ್ತು ಬೀಜಕ್ಕೆ ಬಿಟ್ಟ ಉಳ್ಳಾಗಡ್ಡಿಗೂ ಜೇನಿನ ನೆರವು ಅತ್ಯಗತ್ಯ. ಹೆಜ್ಜೇನು ಬಂಡೆಗಳ ಪಡಿಯಲ್ಲಿ, ದೊಡ್ಡ ಮರಗಳ ಕೊಂಬೆಯಲ್ಲಿ ಹುಟ್ಟು ಕಟ್ಟಿ ಕೆಲವು ಕಿಲೋಮೀಟರ್ ದೂರದವರೆಗೆ ಹಾರಿ ಬರಬಲ್ಲದು. ಬದುವಿನ ಕಂಟಿಯಲ್ಲಿ ಹುಟ್ಟು ಕಟ್ಟುವ ಕೋಲುಜೇನು ಅಷ್ಟು ದೂರ ಹೋಗುವುದಿಲ್ಲ. ನೆಲದಲ್ಲಿ ತೂತು ಕೊರೆದು ವಾಸಿಸುವ ಒಂಟಿ ಜೇನುಗಳ ಓಡಾಟ ಕೆಲವು ನೂರು ಮೀಟರುಗಳಿಗೆ ಸೀಮಿತ. ಆದ್ದರಿಂದ ಗುಡ್ಡ ದೂರವಿರುವ ಎರೆ ಸೀಮೆಯಲ್ಲಿ ಉಳುಮೆಯಾಗದ ಬದುವೇ ಇವುಗಳಿಗೆ ಆಸರೆ.

ಆಲ, ಬಸರಿ, ಅತ್ತಿ ಮರಗಳ ವ್ಯವಹಾರ ಇನ್ನೂ ಬಿಗಿಯಾದುದು. ಇವುಗಳ ಹೂಗಳು ಕಾಯಿಯಂತೆ ಕಾಣುವ ಗುಂಡಿನ ಒಳಗೇ ಇರುತ್ತವೆ. ಒಂದೊಂದು ಜಾತಿಯ ಮರಕ್ಕೂ ಅದರದೇ ಆದ ಅತಿ ಸಣ್ಣ ಕಣಜವಿದ್ದು, ಅದು ಒಳಹೊಕ್ಕು ಪರಾಗಸ್ಪರ್ಶ ಮಾಡದಿದ್ದರೆ ಬೀಜವಾಗದು. ಆ ಕಣಜಕ್ಕೂ ತತ್ತಿಯಿಡಲು ಬೇರೆ ಜಾಗವಿಲ್ಲ. ಈ ಮರಗಳ ಹಣ್ಣಿಗೆ ಬರುವ ಗೊರವಂಕಗಳು ಹೊಲಕ್ಕಿಳಿದಾಗ ಕೀಡೆಗಳನ್ನೂ ಹೆಕ್ಕುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಜದಿಂದ ಹಿಡಿದು ಕಡಲೆ ಹೊಲದ ಹಕ್ಕಿಯವರೆಗೆ ಸರಪಳಿ ಹೀಗೆ ಹಬ್ಬಿದೆ.

ಹುಳುವನ್ನು ತಿನ್ನುವ ಹುಳು

ಬದುವಿನ ಎಕ್ಕೆ ಗಿಡದ ಎಳೆಯ ಚಿಗುರು ಮತ್ತು ಹೂಗೊಂಚಲಿನ ಮೇಲೆ ಹಳದಿ ಬಣ್ಣದ ಹೇನುಗಳು ಮುತ್ತಿರುವುದನ್ನು ಎಲ್ಲರೂ ನೋಡಿರಬಹುದು. ಈ ಹೇನು ಕಡಲೆ, ಜೋಳ, ಕುಸುಬೆಗಳಿಗೆ ಬರುವುದಿಲ್ಲ. ಆದರೆ ಅದನ್ನು ತಿಂದು ಗುಲಗಂಜಿ ಹುಳುಗಳು ಸಂಸಾರ ಬೆಳೆಸುತ್ತವೆ. ಮುಂದೆ ಹಿಂಗಾರಿ ಕುಸುಬೆಗೆ ಕಪ್ಪು ಹೇನು, ಜೋಳಕ್ಕೆ ಹೇನು ಬಿದ್ದಾಗ ಇವೇ ಗುಲಗಂಜಿ ಹುಳುಗಳು ಹೊಲಕ್ಕೆ ಇಳಿಯುತ್ತವೆ. ಬದುವಿನ ಎಕ್ಕೆ ಗಿಡವೆಂದರೆ ಬೆಳೆಯಿಲ್ಲದ ಕಾಲಕ್ಕೆ ಮೇವು ಕೂಡಿಟ್ಟ ಬಣವೆ ಇದ್ದಂತೆ. ಬಣವೆ ಸುಟ್ಟವನ ಎತ್ತು ಬಿತ್ತಿಗೆಯ ಹೊತ್ತಿಗೆ ಕೊಟ್ಟಿಗೆಯಲ್ಲಿ ಇರಲಾರದು.

ಕಡಲೆಯ ಕಾಯಿಕೊರಕಕ್ಕೆ ಇರುವ ನೈಸರ್ಗಿಕ ಶತ್ರುಗಳಲ್ಲಿ ಕ್ಯಾಂಪೊಲೆಟಿಸ್ ಎಂಬ ಸಣ್ಣ ಕಣಜ ಮುಖ್ಯವಾದುದು. ಹೆಣ್ಣು ಕಣಜ ಎಳೆಯ ಮರಿಹುಳುವಿನ ಮೈಯೊಳಗೆ ಒಂದು ತತ್ತಿ ಇಡುತ್ತದೆ. ಅದರಿಂದ ಹೊರಟ ಮರಿ ಕೀಡೆಯನ್ನು ಒಳಗಿನಿಂದಲೇ ತಿಂದು, ಕೀಡೆ ದೊಡ್ಡದಾಗಿ ಕಾಯಿಗೆ ಹಾನಿ ಮಾಡುವ ಮೊದಲೇ ಅದನ್ನು ಕೊಲ್ಲುತ್ತದೆ. ನಂತರ ಹೊರಬಂದು, ಸತ್ತ ಕೀಡೆಯ ಚರ್ಮದ ಪಕ್ಕದಲ್ಲಿಯೇ ಗೂಡು ಹೆಣೆಯುತ್ತದೆ. ಕಡಲೆ ಎಲೆಯ ಮೇಲೆ ಬತ್ತದ ಕಾಳಿಗಿಂತ ಸಣ್ಣದಾದ, ಬೂದು-ಬಿಳಿ ಬಣ್ಣದ ಇಂಥ ಗೂಡು ಕಂಡರೆ ಅದನ್ನು ಹುಳುವಿನ ತತ್ತಿಯೆಂದು ಹೊಸಕಬಾರದು. ಅದು ಹೊಲದ ಕಾವಲುಗಾರ.

ಇಲ್ಲಿ ಕಡಲೆ ಗಿಡದ ಒಂದು ವಿಶೇಷವನ್ನು ಹೇಳಬೇಕು. ಕಡಲೆಯ ಎಲೆ ಮತ್ತು ಕಾಯಿಯ ಮೇಲಿನ ಕೂದಲುಗಳಿಂದ ಹುಳಿ ರಸ ಒಸರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಬಟ್ಟೆ ಹಾಸಿ ಈ ಹುಳಿಯನ್ನು ಸಂಗ್ರಹಿಸುವ ರೂಢಿಯೂ ಉಂಟು. ಈ ಹುಳಿ ಅನೇಕ ಹುಳುಗಳನ್ನು ದೂರವಿಡುತ್ತದೆ. ಆದರೆ ಅದು ಮಿತ್ರರಿಗೂ ತೊಡಕಾಗುತ್ತದೆ. ಇತರ ಬೆಳೆಗಳಲ್ಲಿ ಪತಂಗದ ತತ್ತಿಗಳನ್ನು ನಾಶಮಾಡುವ ಟ್ರೈಕೋಗ್ರಾಮಾ ಎಂಬ ಅತಿ ಸಣ್ಣ ಕಣಜ ಈ ಹುಳಿಯಿಂದಾಗಿ ಕಡಲೆಯಲ್ಲಿ ಸರಿಯಾಗಿ ಕೆಲಸ ಮಾಡಲಾರದು. ಆದ್ದರಿಂದ ಕಡಲೆಯಲ್ಲಿ ಕ್ಯಾಂಪೊಲೆಟಿಸ್ ಕಣಜದ ಮೇಲಿನ ಭಾರ ಇನ್ನೂ ಹೆಚ್ಚು. ಈ ಕಣಜದ ಮರಿಗೆ ಕೀಡೆ ಆಹಾರವಾದರೆ, ಬೆಳೆದ ಕಣಜಕ್ಕೆ ಮಕರಂದ ಬೇಕು. ಕಡಲೆಯ ಮುಚ್ಚಿದ ಹೂವಿನಿಂದ ಅದಕ್ಕೆ ಮಕರಂದ ಸಿಗುವುದು ಕಷ್ಟ. ಕೊತ್ತಂಬರಿಯ ತೆರೆದ ಸಣ್ಣ ಹೂಗಳಲ್ಲಿ ಸುಲಭವಾಗಿ ಸಿಗುತ್ತದೆ. ಕಡಲೆಯ ನಡುವೆ ಕೊತ್ತಂಬರಿ ಇದ್ದಲ್ಲಿ ಈ ಕಣಜದ ಕೆಲಸ ಹೆಚ್ಚುವುದು ಪ್ರಯೋಗಗಳಿಂದ ಕಂಡುಬಂದಿದೆ. ಅಕ್ಕಡಿ ಸಾಲಿನಲ್ಲಿ ಕೊತ್ತಂಬರಿ ಹಾಕುವ ರೂಢಿಗೆ ಅಡುಗೆಮನೆಯಾಚೆಯೂ ಅರ್ಥವಿದೆ.

ಒಂದೇ ಬೆಳೆ, ಒಂದೇ ಮರ

ಹಲವು ಜಾತಿಯ ಗಿಡಗಳಿರುವ ಕಾಡಿನಲ್ಲಿ ಒಂದು ಹುಳು ಮಿತಿಮೀರಿ ಬೆಳೆದು ಎಲ್ಲವನ್ನೂ ಬೋಳಿಸುವುದು ಅಪರೂಪ. ಕಾರಣ ಎರಡು. ತನಗೆ ಬೇಕಾದ ಗಿಡವನ್ನು ಹತ್ತು ಗಿಡಗಳ ನಡುವೆ ಹುಡುಕುವ ಶ್ರಮ ಹುಳುವಿಗೆ ಬೀಳುತ್ತದೆ. ಹುಡುಕಿ ತತ್ತಿಯಿಟ್ಟರೂ ಅದರ ಶತ್ರುಗಳು ಅಕ್ಕಪಕ್ಕದ ಗಿಡಗಳಲ್ಲಿಯೇ ಕಾದಿರುತ್ತವೆ. ಕಾಡಿನಲ್ಲಿಯೂ ಒಂದೇ ಜಾತಿಯ ಮರಗಳನ್ನು ಸಾಲಾಗಿ ನೆಟ್ಟರೆ ಈ ಎರಡೂ ತಡೆಗಳು ಸಡಿಲಗೊಳ್ಳುತ್ತವೆ. ಸಾಗವಾನಿ ನೆಡುತೋಪುಗಳಲ್ಲಿ ಮೊದಲ ಮಳೆಯ ನಂತರ ಎಲೆ ತಿನ್ನುವ ಹುಳು ಎದ್ದು, ಕೆಲವೇ ದಿನಗಳಲ್ಲಿ ಮರಗಳನ್ನು ಬೋಳು ಮಾಡುವುದು ಅರಣ್ಯ ಇಲಾಖೆಗೆ ಹಳೆಯ ತಲೆನೋವು.

ಎರೆ ಸೀಮೆಯಲ್ಲಿ ಕಣ್ಣು ಹಾಯುವವರೆಗೆ ಕಡಲೆಯೊಂದೇ ಇದ್ದು, ಬದುವೂ ಬೋಳಾಗಿದ್ದರೆ ಸ್ಥಿತಿ ಇದೇ ಆಗುತ್ತದೆ. ಒಂದು ಹೆಣ್ಣು ಪತಂಗ ಹಲವು ನೂರು ತತ್ತಿಗಳನ್ನು ಒಂದೊಂದಾಗಿ ಇಡುತ್ತದೆ. ತತ್ತಿ ಮೂರು-ನಾಲ್ಕು ದಿನಗಳಲ್ಲಿ ಒಡೆಯುತ್ತದೆ. ಶತ್ರು ಹೀಗೆ ಬೇಗ ಬೆಳೆಯುತ್ತದೆ. ಮಿತ್ರರು ದೂರದಿಂದ ಬರಬೇಕು. ಆ ಅವಸರದಲ್ಲಿ ಔಷಧ ಹೊಡೆದರೆ ಬಂದಿರುವ ನಾಲ್ಕು ಮಿತ್ರರೂ ಸಾಯುತ್ತವೆ. ಮುಂದಿನ ಸಲ ಇನ್ನೊಂದು ಸಿಂಪರಣೆ ಬೇಕಾಗುತ್ತದೆ. ಈ ದಾರಿ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ನೆರೆಯ ಆಂಧ್ರದ ಉದಾಹರಣೆಯಿದೆ. 1987-88ರಲ್ಲಿ ಅಲ್ಲಿಯ ಗುಂಟೂರು, ಪ್ರಕಾಶಂ ಜಿಲ್ಲೆಗಳ ಹತ್ತಿಯಲ್ಲಿ ಇದೇ ಕಾಯಿಕೊರಕ ಹುಳು ಪೈರಿಥ್ರಾಯ್ಡ್ ಗುಂಪಿನ ಔಷಧಗಳಿಗೆ ಬಗ್ಗದಂತಾಯಿತು. ಪದೇ ಪದೇ ಸಿಂಪಡಿಸಿದರೂ ಬೆಳೆ ಉಳಿಯಲಿಲ್ಲ. ರೈತರು ಔಷಧದ ಸಾಲವನ್ನೂ ಹೊತ್ತರು, ಬೆಳೆಯನ್ನೂ ಕಳೆದುಕೊಂಡರು.

ಹೊರಗಿನಿಂದ ಬಂದ ಗಿಡಗಳು

ಗಿಡ ಮತ್ತು ಹುಳುವಿನ ಸಂಬಂಧ ಎಷ್ಟು ಬಲವಾದುದೆಂಬುದು ಹೊರದೇಶದ ಗಿಡ ಬಂದಾಗ ಚೆನ್ನಾಗಿ ಕಾಣುತ್ತದೆ. ಗಿಡ ಬಂದು, ಅದನ್ನು ತಿನ್ನುವ ಹುಳು ಬಾರದಿದ್ದರೆ ಆ ಗಿಡಕ್ಕೆ ತಡೆಯಿಲ್ಲ. ಅಮೆರಿಕದ ಮೂಲದ ಪಾಪಾಸುಕಳ್ಳಿ ದಕ್ಷಿಣ ಭಾರತದಲ್ಲಿ ಹೀಗೆಯೇ ಹಬ್ಬಿ ಹೊಲ, ಹುಲ್ಲುಗಾವಲುಗಳನ್ನು ನುಂಗಿತ್ತು. ಅದರ ರಸ ಹೀರುವ, ಬಿಳಿ ಅರಳೆಯಂತೆ ಕಾಣುವ ಕೊಚಿನೀಲ್ ಹುಳುವಿನ ಒಂದು ಜಾತಿಯನ್ನು 1926ರಲ್ಲಿ ಶ್ರೀಲಂಕಾದಿಂದ ತಂದು ಬಿಡಲಾಯಿತು. ಕೆಲವೇ ವರ್ಷಗಳಲ್ಲಿ ಕಳ್ಳಿಯ ಪೊದೆಗಳು ಒಣಗಿ ಬಿದ್ದವು. ಲಕ್ಷಾಂತರ ಎಕರೆಯ ಕಳೆಯನ್ನು ಕೊಡಲಿಯಿಂದ ಕಡಿದು ಮುಗಿಸಲಾಗದ ಕೆಲಸವನ್ನು ಒಂದು ಸಣ್ಣ ಹುಳು ಮಾಡಿತು.

ಪಾರ್ಥೇನಿಯಂ, ಅಂದರೆ ಈ ಕಡೆಯ ಕಾಂಗ್ರೆಸ್ ಕಸ, ಎರಡನೆಯ ಉದಾಹರಣೆ. ಅದನ್ನು ತಿನ್ನುವ ಮೆಕ್ಸಿಕನ್ ದುಂಬಿಯನ್ನು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1983ರಲ್ಲಿ ತರಿಸಿ, ಪರೀಕ್ಷೆಯ ನಂತರ 1984ರಲ್ಲಿ ಬಯಲಿಗೆ ಬಿಟ್ಟಿತು. ಕೆಲವು ವರ್ಷಗಳ ಬಳಿಕ ಈ ದುಂಬಿ ಸೂರ್ಯಕಾಂತಿಯ ಎಲೆ ತಿನ್ನುತ್ತದೆಂಬ ಆತಂಕ ಹುಟ್ಟಿತು. ಹತ್ತಿರದ ಪಾರ್ಥೇನಿಯಂನ ಪರಾಗ ಸೂರ್ಯಕಾಂತಿಯ ಎಲೆಯ ಮೇಲೆ ಬಿದ್ದಾಗ ದುಂಬಿ ಆ ಎಲೆಯನ್ನು ಕೆರೆಯುತ್ತದೆ ಎಂಬುದು ಮುಂದಿನ ಪ್ರಯೋಗಗಳಲ್ಲಿ ತಿಳಿಯಿತು. ಈ ದುಂಬಿ ಮಳೆಗಾಲದಲ್ಲಿ ಚುರುಕಾಗಿದ್ದು, ಒಣ ಕಾಲದಲ್ಲಿ ಮಣ್ಣಿನೊಳಗೆ ಸೇರಿಕೊಳ್ಳುತ್ತದೆ. ಹೀಗಾಗಿ ನಮ್ಮ ಒಣ ಸೀಮೆಯಲ್ಲಿ ಅದೊಂದೇ ಸಾಲದು. ಹೂ ಬಿಡುವ ಮೊದಲೇ ಕಸವನ್ನು ಕಿತ್ತುಹಾಕುವುದು ಅಗತ್ಯ. ಹತ್ತಿಗೆ ಬೀಳುವ ಹಿಟ್ಟು ತಿಗಣೆಗೂ ಪಾರ್ಥೇನಿಯಂ ಆಸರೆ ಕೊಡುತ್ತದೆ ಎಂಬುದನ್ನು ನೆನಪಿಡಬೇಕು.

ಮರದಲ್ಲಿ ಸೇರುವ ಶತ್ರು

ಮರ-ಕಂಟಿಗಳಿಂದ ಲಾಭವೇ ಹೊರತು ಹಾನಿಯಿಲ್ಲ ಎಂದು ಹೇಳಿದರೆ ಅದು ಅರ್ಧ ಸತ್ಯವಾಗುತ್ತದೆ. ಮಸಾರಿ ಭೂಮಿಯ ಶೇಂಗಾ, ಮೆಣಸಿನಕಾಯಿ ಮುಂತಾದ ಬೆಳೆಗಳ ಬೇರು ಕಡಿಯುವ ಗೊಣ್ಣೆ ಹುಳುವಿನ ದುಂಬಿಗಳು ಬೇವು, ಜಾಲಿ, ಬಾರಿ ಗಿಡಗಳನ್ನೇ ಹುಡುಕಿ ಬರುತ್ತವೆ. ಮುಂಗಾರಿನ ಮೊದಲ ಹದವಾದ ಮಳೆ ಬಿದ್ದು ಕತ್ತಲಾದ ಕೂಡಲೇ ಇವು ನೆಲದಿಂದ ಎದ್ದು ಮರ ಸೇರುತ್ತವೆ. ಅಲ್ಲಿ ಕೂಡಿ, ರಾತ್ರಿಯೆಲ್ಲ ಎಲೆ ತಿಂದು, ಬೆಳಕು ಹರಿಯುವ ಮೊದಲು ಮಣ್ಣಿಗೆ ಇಳಿದು ತತ್ತಿಯಿಡುತ್ತವೆ. ಮಿಡತೆಯ ದಂಡು ಮುಟ್ಟದ ಬೇವಿನ ಎಲೆ ಈ ದುಂಬಿಗೆ ರುಚಿಯಾದ ಮೇವು.

ಆದರೆ ಇದಕ್ಕೆ ಮರ ಕಡಿಯುವುದು ಪರಿಹಾರವಲ್ಲ. ಮರವಿಲ್ಲದಿದ್ದರೆ ದುಂಬಿಗಳು ಕಂಡ ಕಂಡ ಗಿಡಗಳಿಗೆ ಚೆದುರಿಹೋಗುತ್ತವೆ. ಮರವಿದ್ದರೆ ಒಂದೆಡೆ ಸೇರುತ್ತವೆ. ಮೊದಲ ಮಳೆಯಾದ ನಂತರದ ಸಂಜೆಗಳಲ್ಲಿ ಮರದ ಕೆಳಗೆ ತಾಡಪತ್ರಿ ಹಾಸಿ, ಕೊಂಬೆಗಳನ್ನು ಬಲವಾಗಿ ಅಲುಗಿಸಿ, ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು. ತತ್ತಿ ಇಡುವ ಮುನ್ನ ಹೀಗೆ ಹಿಡಿದ ಒಂದೊಂದು ಹೆಣ್ಣು ದುಂಬಿಯೂ ಮುಂದಿನ ಗೊಣ್ಣೆ ಹುಳುಗಳ ಒಂದು ಸಂಸಾರವನ್ನೇ ತಪ್ಪಿಸಿದಂತೆ. ಗೊಣ್ಣೆ ಹುಳುವಿಗೆ ವರ್ಷಕ್ಕೆ ಒಂದೇ ಪೀಳಿಗೆ. ಆದ್ದರಿಂದ ಈ ಕೆಲಸದ ಫಲ ವರ್ಷವಿಡೀ ಸಿ಼ಗುತ್ತದೆ. ಒಬ್ಬರ ಹೊಲದಲ್ಲಿ ಮಾಡಿದರೆ ಸಾಲದು, ಊರಿನವರೆಲ್ಲ ಕೂಡಿ ಮಾಡಬೇಕು.

ಬೆಂಕಿ ಮತ್ತು ಕೊಡಲಿ

ಮಳೆ ಬಂದ ಮೇಲೆ ಹುಲ್ಲು ಚೆನ್ನಾಗಿ ಚಿಗುರಲೆಂದು ಬೇಸಿಗೆಯಲ್ಲಿ ಗುಡ್ಡಕ್ಕೂ ಬದುವಿಗೂ ಬೆಂಕಿ ಹಚ್ಚುವ ರೂಢಿ ಇನ್ನೂ ಉಳಿದಿದೆ. ಒಣ ಹುಲ್ಲಿನ ಕಡ್ಡಿಗೆ ಅಂಟಿದ ಸೂರ್ಯನ ಕುದುರೆ ಹುಳುವಿನ ತತ್ತಿಚೀಲ, ಟೊಳ್ಳು ಕಡ್ಡಿಯೊಳಗಿನ ಒಂಟಿ ಜೇನಿನ ಮರಿ, ಎಲೆಗಳ ಅಡಿಯ ಜೇಡ, ಕೋಲುಜೇನಿನ ಹುಟ್ಟು ಇವೆಲ್ಲ ಈ ಬೆಂಕಿಗೆ ಆಹುತಿಯಾಗುತ್ತವೆ. ಕಾಯಿಕೊರಕದ ಕೋಶ ಮಾತ್ರ ಹೊಲದ ಮಣ್ಣಿನ ಒಳಗೆ ಸುರಕ್ಷಿತವಾಗಿರುತ್ತದೆ. ಬೆಂಕಿ ಮಿತ್ರನನ್ನು ಕೊಂದು ಶತ್ರುವನ್ನು ಉಳಿಸುತ್ತದೆ. ಮಣ್ಣಿನೊಳಗಿನ ಕೋಶಕ್ಕೆ ಮಾಗಿ ಉಳುಮೆಯೇ ಮದ್ದು. ಉಳುಮೆಯಿಂದ ಮೇಲೆ ಬಂದ ಕೋಶಗಳು ಬಿಸಿಲಿಗೆ ಸಾಯುತ್ತವೆ, ಹಕ್ಕಿಗಳಿಗೂ ಆಹಾರವಾಗುತ್ತವೆ.

ಒಣ ಕಸವನ್ನೆಲ್ಲ ಸುಟ್ಟ ಹೊಲದಲ್ಲಿ ಗೆದ್ದಲಿನ ಬಾಧೆ ಹೆಚ್ಚುವುದಕ್ಕೂ ಕಾರಣವಿದೆ. ಗೆದ್ದಲಿನ ಮುಖ್ಯ ಆಹಾರ ಒಣಗಿದ ಕಡ್ಡಿ, ಎಲೆ. ಅದು ಸಿಗದಿದ್ದಾಗ ಬೆಳೆಯ ಬುಡಕ್ಕೆ ಬಾಯಿ ಹಾಕುತ್ತದೆ. ಗುಡ್ಡದಲ್ಲಿ ಅದೇ ಗೆದ್ದಲು ಗಟ್ಟಿ ನೆಲಕ್ಕೆ ಬಿಲ ಕೊರೆದು ಮಳೆಯ ನೀರು ಇಂಗಲು ದಾರಿ ಮಾಡುತ್ತದೆ.

ರೈತರು ಅನುಸರಿಸಬೇಕಾದ ಕ್ರಮಗಳು

1. ಬದು ಮತ್ತು ಹಳ್ಳದ ದಂಡೆಯ ತಂಗಡಿ, ಎಕ್ಕೆ, ಬಾರಿ, ಕವಳಿಗಳನ್ನು ಪೂರ್ತಿ ಕಡಿಯಬಾರದು. ಹೊಲಕ್ಕೆ ಚಾಚಿದ ಕೊಂಬೆಗಳನ್ನು ಮಾತ್ರ ಸವರಬೇಕು.

2. ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲೇ ಕೀಳಬೇಕು. ಹತ್ತಿಯ ಚುಕ್ಕೆ ಕಾಯಿಕೊರಕಕ್ಕೆ ಆಸರೆಯಾಗುವ ತುತ್ತಿ ಗಿಡವನ್ನೂ, ಕಡಲೆಯ ಕಾಯಿಕೊರಕಕ್ಕೆ ಆಸರೆಯಾಗುವ ಮದ್ದುಗುಣಿಕೆಯನ್ನೂ ಹೊಲದ ಅಂಚಿನಲ್ಲಿ ಬಿಡಬಾರದು.

3. ಮರದ ನೆರಳಿನಿಂದ ಬೆಳೆ ಕುಂದುವುದು ನಿಜ. ಹಿಂಗಾರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ನೆರಳು ಉತ್ತರಕ್ಕೆ ಬೀಳುತ್ತದೆ. ಹೊಲದ ಉತ್ತರಕ್ಕೆ ದಾರಿ ಅಥವಾ ಹಳ್ಳವಿದ್ದರೆ ಆ ಅಂಚಿನಲ್ಲಿ ಬೇವು, ಜಾಲಿ ಬೆಳೆಸಬೇಕು. ಬಿತ್ತಿಗೆಯ ಮೊದಲು ಕೆಳಗಿನ ಕೊಂಬೆಗಳನ್ನು ಸವರಿದರೆ ನೆರಳು ಕಡಿಮೆಯಾಗುತ್ತದೆ, ಉರುವಲೂ ಸಿಗುತ್ತದೆ.

4. ಕಡಲೆಯ ನಡುವೆ ಕೊತ್ತಂಬರಿಯ ಅಕ್ಕಡಿ ಸಾಲುಗಳನ್ನು, ಹೊಲದ ಸುತ್ತ ಕುಸುಬೆಯ ಸಾಲನ್ನು ಹಾಕಬೇಕು.

5. ಮರವಿಲ್ಲದ ಹೊಲದಲ್ಲಿ ಕಾಜಾಣ, ಗೊರವಂಕಗಳು ಕೂಡಲು ಎಕರೆಗೆ 15ರಿಂದ 20 ಕವಲು ಕಟ್ಟಿಗೆಗಳನ್ನು ನೆಡಬೇಕು. ಎಳ್ಳಮವಾಸ್ಯೆಗೆ ಚರಗ ಚೆಲ್ಲುವ ಹೊತ್ತಿಗೆ ಕಡಲೆ ಹೊಲದಲ್ಲಿ ಕೀಡೆಯೂ ಇರುತ್ತದೆ. ಚರಗಕ್ಕೆ ಬಂದ ಹಕ್ಕಿ ಕೀಡೆಯನ್ನೂ ಬಿಡುವುದಿಲ್ಲ.

6. ಕೀಡೆ ಕಂಡ ಕೂಡಲೇ ಔಷಧಕ್ಕೆ ಓಡಬಾರದು. ಹೊಲದ ಐದಾರು ಕಡೆ ಸಾಲುಗಳನ್ನು ಎಣಿಸಿ ನೋಡಬೇಕು. ಒಂದು ಮೀಟರ್ ಸಾಲಿಗೆ 1ರಿಂದ 2 ಕೀಡೆಗಳಿದ್ದರೆ ಮಾತ್ರ ಕ್ರಮ ಕೈಗೊಳ್ಳಬೇಕು. ಮೊದಲು ಶೇಕಡಾ 5ರ ಬೇವಿನ ಬೀಜದ ಕಷಾಯವನ್ನು ಬಳಸಬೇಕು. 5 ಕಿಲೋ ಬೀಜದ ತಿರುಳನ್ನು ಪುಡಿಮಾಡಿ ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸೋಸಿ 100 ಲೀಟರ್ ಮಾಡಿಕೊಳ್ಳಬೇಕು. ಕಾಯಿಕೊರಕಕ್ಕೆ ರೋಗ ತರುವ ಎನ್.ಪಿ.ವಿ. ನಂಜಾಣುವನ್ನು ಎಕರೆಗೆ 100 ಎಲ್.ಇ. ಪ್ರಮಾಣದಲ್ಲಿ ಸಂಜೆಯ ಹೊತ್ತು ಸಿಂಪಡಿಸಬಹುದು. ಇವು ಕಣಜ, ಗುಲಗಂಜಿ ಹುಳುಗಳಿಗೆ ಹೆಚ್ಚಿನ ಹಾನಿ ಮಾಡುವುದಿಲ್ಲ.

7. ರಾಸಾಯನಿಕ ಔಷಧ ಅನಿವಾರ್ಯವಾದರೆ ರೈತ ಸಂಪರ್ಕ ಕೇಂದ್ರದ ಸಲಹೆ ಪಡೆಯಬೇಕು. ಹೂವಿನ ಕಾಲದಲ್ಲಿ ಜೇನುಗಳು ಗೂಡಿಗೆ ಮರಳಿದ ನಂತರ, ಸಂಜೆ ಸಿಂಪಡಿಸಬೇಕು. ಬದುವಿನ ಗಿಡಗಳಿಗೆ ಔಷಧ ತಾಗದಂತೆ ನೋಡಿಕೊಳ್ಳಬೇಕು.

8. ಗುಡ್ಡ, ಗಾಂವಠಾಣಾ, ಬದುಗಳಿಗೆ ಬೆಂಕಿ ಹಚ್ಚಬಾರದು. ಹುಲ್ಲನ್ನು ಕೊಯ್ದು ಮೇವಿಗೆ ಬಳಸಬೇಕು. ಒಣಗಿ ನಿಂತ ಒಂದೆರಡು ಕೊಂಬೆಗಳನ್ನು ದುಂಬಿಗಳ ಗೂಡಿಗಾಗಿ ಬಿಡಬೇಕು.

ಗುಡ್ಡವನ್ನು ಕಾಯುವುದು ಸರಕಾರದ ಮತ್ತು ಊರಿನ ಕೆಲಸ. ಬದುವನ್ನು ಕಾಯುವುದು ರೈತನ ಕೈಯಲ್ಲಿಯೇ ಇದೆ. ಒಂದು ಬದುವಿನ ಅಗಲ ನಾಲ್ಕಾರು ಅಡಿ ಇರಬಹುದು. ಅದನ್ನು ಸವರಿ ಹೊಲಕ್ಕೆ ಸೇರಿಸಿದರೆ ಒಂದೆರಡು ಸಾಲು ಕಡಲೆ ಹೆಚ್ಚಾಗಿ ಬಂದೀತು. ಆದರೆ ಕಣಜ, ಗುಲಗಂಜಿ ಹುಳು, ಜೇನುಗಳು ಮಾಡುತ್ತಿದ್ದ ಕೆಲಸವನ್ನು ಮುಂದೆ ಹಣ ಕೊಟ್ಟು ಮಾಡಿಸಬೇಕಾಗುತ್ತದೆ, ಅದೂ ಪ್ರತಿ ವರ್ಷ. ಬರುವ ಹಿಂಗಾರಿಗೆ ಬದುವಿಗೆ ಕೊಡಲಿ ಹಾಕುವ ಮೊದಲು ಅಲ್ಲಿಯ ಎಕ್ಕೆ ಗಿಡದ ಚಿಗುರನ್ನು ಒಮ್ಮೆ ಬಗ್ಗಿ ನೋಡುವುದು ಒಳ್ಳೆಯದು. ಹಳದಿ ಹೇನಿನ ನಡುವೆ ಗುಲಗಂಜಿ ಹುಳು ಓಡಾಡುತ್ತಿದ್ದರೆ ಕುಸುಬೆಯ ಕಾವಲುಗಾರರು ಸಿದ್ಧರಾಗಿದ್ದಾರೆಂದು ತಿಳಿದು ಆ ಗಿಡವನ್ನು ಹಾಗೆಯೇ ಬಿಡಬೇಕು.